ಸ್ವಯಂಸೇವಕರ ಉಗಿಬಂಡಿ

ಬೆಳಗಾವಿ ಜಿಲ್ಲೆಯ ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಸೀಮೆ ಬಹುಮಟ್ಟಿಗೆ ಎರೆಯ ನೆಲದ ನಾಡು. ಹತ್ತಿ, ಜೋಳ, ಕಡಲೆ, ಕುಸುಬೆಗಳು ಇಲ್ಲಿಯ ಬೆಳೆಗಳು. ಈ ಸೀಮೆಯ ಕಟಕೋಳದಂತಹ ಊರುಗಳ ಮಗ್ಗುಲಲ್ಲಿ ರೈಲುಹಳಿ ಹಾದುಹೋಗಲಿಲ್ಲ. ಉಗಿಬಂಡಿಯ ಕಾಲದಲ್ಲಿ ರೈಲನ್ನು ಏರಬೇಕಾದವರು ಚಕ್ಕಡಿಯಲ್ಲಿಯೋ ಮೋಟಾರಿನಲ್ಲಿಯೋ ಧಾರವಾಡವನ್ನೋ ಬಾಗಲಕೋಟೆಯನ್ನೋ ಮುಟ್ಟಬೇಕಾಗಿತ್ತು. ಆದರೂ ಉಗಿಬಂಡಿಯ ಕಥೆಗೂ ಈ ನಾಡಿನ ಕಥೆಗೂ ಗಾಢವಾದ ನಂಟುಂಟು.

೧೮೭೬ರಿಂದ ೧೮೭೮ರ ವರೆಗೆ ದಕ್ಷಿಣ ಭಾರತವನ್ನು ಭೀಕರ ಕ್ಷಾಮವೊಂದು ಕಾಡಿತು. ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಅದರ ಬೇಗೆಯಲ್ಲಿ ಬೆಂದವು. ಬೇರೆಡೆ ಧಾನ್ಯವಿದ್ದರೂ ಅದನ್ನು ಹಸಿದವರ ಬಳಿಗೆ ಬೇಗನೆ ಸಾಗಿಸುವ ಸಾಧನವಿರಲಿಲ್ಲ. ಬಂಡಿಯನ್ನು ಎಳೆಯಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಸಾಯುತ್ತಿದ್ದವು. ಈ ಕಹಿ ಅನುಭವದ ತರುವಾಯ ಕ್ಷಾಮನಿವಾರಣೆಯ ಉದ್ದೇಶದಿಂದ ಹಾಕಿದ ರೈಲುಮಾರ್ಗಗಳಲ್ಲಿ ಹೊಟಗಿ-ಗದಗ ಮಾರ್ಗವೂ ಒಂದು. ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ೧೮೮೪ರಲ್ಲಿ ಅದನ್ನು ತೆರೆಯಿತು. ೧೮೮೫ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆಯು ಆರಂಭವಾಯಿತು. ಅಂದಿನಿಂದ ಅನೇಕ ತಲೆಮಾರುಗಳ ಕನ್ನಡಿಗರು ಅಲ್ಲಿ ಬಾಯ್ಲರುಗಳಿಗೆ ಮೊಳೆ ಬಡಿದು, ಗಾಲಿಗಳನ್ನು ಕಡೆದು, ಕಬ್ಬಿಣವನ್ನು ಕಾಯಿಸಿ ಬಾಳನ್ನು ಕಟ್ಟಿಕೊಂಡರು.

ಕಾಲ ಉರುಳಿತು. ಉಗಿಯ ಎಂಜಿನಿನ ಸ್ಥಾನವನ್ನು ಮೊದಲು ಡೀಸೆಲ್ ಎಂಜಿನು, ಆಮೇಲೆ ವಿದ್ಯುತ್ ಎಂಜಿನು ಆಕ್ರಮಿಸಿದವು. ೧೯೯೫ರಲ್ಲಿ ಭಾರತದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಉಗಿಬಂಡಿಗಳ ನಿತ್ಯದ ಸಂಚಾರ ಕೊನೆಗೊಂಡಿತು. ಹಳೆಯ ಎಂಜಿನುಗಳಲ್ಲಿ ಬಹುಪಾಲು ಗುಜರಿಯ ಪಾಲಾದವು. ಕೆಲವು ಮಾತ್ರ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಮೈಸೂರಿನಲ್ಲಿ ೧೯೭೯ರಲ್ಲಿಯೂ ಹುಬ್ಬಳ್ಳಿಯಲ್ಲಿ ೨೦೨೦ರಲ್ಲಿಯೂ ಇಂತಹ ರೈಲ್ವೆ ವಸ್ತುಸಂಗ್ರಹಾಲಯಗಳು ತೆರೆದವು. ಅಲ್ಲಿ ಬಣ್ಣ ಬಳಿದುಕೊಂಡು ನಿಂತ ಎಂಜಿನನ್ನು ನೋಡಿ ಅದರ ಗಾತ್ರವನ್ನು ತಿಳಿಯಬಹುದು. ಆದರೆ ಅದರ ಉಸಿರನ್ನು ಕೇಳಲಾಗದು. ಎಂಜಿನನ್ನು ನಿಲ್ಲಿಸಿ ಉಳಿಸುವುದು ಒಂದು ಕೆಲಸ. ಓಡಿಸುತ್ತ ಉಳಿಸುವುದು ಅದಕ್ಕಿಂತ ಬಹುಪಾಲು ಕಠಿಣವಾದ ಇನ್ನೊಂದು ಕೆಲಸ. ಲಾಭವಿಲ್ಲವೆಂದು ಎಲ್ಲರೂ ಕೈಬಿಟ್ಟ ಒಂದು ಚಿಕ್ಕ ರೈಲನ್ನು ಸಂಬಳವಿಲ್ಲದೆ ದುಡಿದು ಓಡಿಸತೊಡಗಿದವರ ಕಥೆಯೊಂದಿದೆ. ಅದು ನಡೆದದ್ದು ದೂರದ ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ.

ಆ ರೈಲಿನ ಹೆಸರು ಟ್ಯಾಲಿಲ್ಲಿನ್. ಅದರ ಹುಟ್ಟಿಗೂ ಧಾರವಾಡ ಸೀಮೆಯ ಹತ್ತಿಯ ಬೆಲೆಗೂ ಒಂದೇ ಘಟನೆ ಕಾರಣವಾದದ್ದು ವಿಸ್ಮಯದ ಸಂಗತಿ. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಇಂಗ್ಲೆಂಡಿಗೆ ಬರುತ್ತಿದ್ದ ಹತ್ತಿ ನಿಂತುಹೋಗಲು, ಇತ್ತ ನಮ್ಮ ಎರೆನಾಡಿನ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಅತ್ತ ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಯಿಲ್ಲದೆ ಸೊರಗಿದವು. ಅಂತಹ ಗಿರಣಿಯ ಒಡೆಯರಾದ ಮೆಕಾನೆಲ್ ಎಂಬ ಮನೆತನದವರು ಬೇರೊಂದು ಉದ್ಯಮವನ್ನು ಅರಸಿ ವೇಲ್ಸಿನ ಬ್ರಿನ್ ಎಗ್ಲುಯಿಸ್ ಎಂಬಲ್ಲಿಯ ಸ್ಲೇಟುಕಲ್ಲಿನ ಗಣಿಗೆ ಬಂಡವಾಳ ಹೂಡಿದರು. ಮನೆಗಳ ಮಾಡಿಗೆ ಹೊದಿಸುವ ಆ ಕಲ್ಲನ್ನು ಕಡಲತೀರದ ಟವಿನ್ ಪಟ್ಟಣಕ್ಕೆ ಸಾಗಿಸಲೆಂದು ೧೮೬೫ರಲ್ಲಿ ಕಣಿವೆಯ ಗುಂಟ ಒಂದು ಕಿರಿದಾದ ರೈಲುಮಾರ್ಗವನ್ನು ಹಾಕಿದರು. ಅದರ ಎರಡು ಹಳಿಗಳ ನಡುವಿನ ಅಂತರ ಕೇವಲ ೨ ಅಡಿ ೩ ಅಂಗುಲ. ಅದಕ್ಕೆ ಇದ್ದ ಎಂಜಿನುಗಳೂ ಎರಡೇ: ಒಂದು ಟ್ಯಾಲಿಲ್ಲಿನ್, ಇನ್ನೊಂದು ಡೋಲ್ಗೋಕ್. ಮುಂದಿನ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಎರಡೇ ಎಂಜಿನುಗಳು ಸರದಿಯಂತೆ ದುಡಿದವು.

೧೯೧೧ರಲ್ಲಿ ಗಣಿಯನ್ನೂ ರೈಲನ್ನೂ ಸರ್ ಹೆನ್ರಿ ಹೇಡನ್ ಜೋನ್ಸ್ ಎಂಬವರು ಕೊಂಡುಕೊಂಡರು. ಅವರು ಆ ಪ್ರಾಂತದ ಪಾರ್ಲಿಮೆಂಟ್ ಸದಸ್ಯರೂ ಆಗಿದ್ದರು. ಕಾಲಕ್ರಮದಲ್ಲಿ ಸ್ಲೇಟಿಗೆ ಬೇಡಿಕೆ ಕುಗ್ಗಿತು. ೧೯೪೬ರಲ್ಲಿ ಗಣಿಯನ್ನು ಮುಚ್ಚಬೇಕಾಯಿತು. ರೈಲಿಗೆ ಹೊರೆಯೇ ಇಲ್ಲದಂತಾಯಿತು. ಆದರೂ ತಾವು ಬದುಕಿರುವ ವರೆಗೆ ರೈಲನ್ನು ನಿಲ್ಲಿಸುವುದಿಲ್ಲವೆಂದು ಸರ್ ಹೇಡನ್ ಮಾತು ಕೊಟ್ಟಿದ್ದರು. ನಷ್ಟವಾದರೂ ಮಾತಿಗೆ ತಪ್ಪಲಿಲ್ಲ. ೧೯೪೮ರಲ್ಲಿ ಬ್ರಿಟನ್ನಿನ ರೈಲುಗಳೆಲ್ಲ ರಾಷ್ಟ್ರೀಕರಣಗೊಂಡಾಗ ಈ ಪುಟ್ಟ ಮಾರ್ಗ ಆ ಪಟ್ಟಿಯಲ್ಲಿ ಸೇರಲಿಲ್ಲ. ಸ್ಲೀಪರುಗಳು ಕೊಳೆತು, ಹಳಿಗಳು ಸವೆದು, ದಾರಿಯ ಮೇಲೆಲ್ಲ ಹುಲ್ಲು ಬೆಳೆದಿತ್ತು. ಎರಡು ಎಂಜಿನುಗಳಲ್ಲಿ ಒಂದು ಕೆಟ್ಟು ಮೂಲೆ ಸೇರಿತ್ತು. ೧೯೫೦ರ ಜುಲೈ ತಿಂಗಳಿನಲ್ಲಿ ಸರ್ ಹೇಡನ್ ತೀರಿಕೊಂಡರು. ರೈಲಿನ ಆಯುಷ್ಯವೂ ಮುಗಿಯಿತೆಂದೇ ಜನ ಭಾವಿಸಿದರು.

ಆಗ ಮುಂದೆ ಬಂದವರು ಟಾಮ್ ರೋಲ್ಟ್ ಎಂಬ ಎಂಜಿನಿಯರ್. ಅವರು ಬರೆಹಗಾರರೂ ಆಗಿದ್ದರು. ಹಾಳುಬಿದ್ದ ಕಾಲುವೆಗಳನ್ನು ಉಳಿಸುವ ಚಳುವಳಿಯಲ್ಲಿ ಅದಾಗಲೇ ದುಡಿದಿದ್ದರು. ೧೯೫೦ರ ಅಕ್ಟೋಬರ್ ೧೧ರಂದು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಒಂದು ಸಭೆ ಕೂಡಿತು. ಸುಮಾರು ೭೦ ಜನ ಬಂದಿದ್ದರು. ಸರಕಾರ ನಡೆಸದ, ಕಂಪನಿಗೆ ಬೇಡವಾದ ರೈಲನ್ನು ಸಾಮಾನ್ಯ ಜನರು ತಮ್ಮ ಬಿಡುವಿನ ವೇಳೆಯಲ್ಲಿ ನಡೆಸಬಲ್ಲರೆ? ಇದು ಅಂದಿನ ಪ್ರಶ್ನೆ. ಜಗತ್ತಿನಲ್ಲಿ ಅದುವರೆಗೆ ಯಾರೂ ಅದನ್ನು ಮಾಡಿ ತೋರಿಸಿರಲಿಲ್ಲ. ಆದರೂ ಮಾಡಿಯೇ ನೋಡುವುದೆಂದು ನಿಶ್ಚಯಿಸಿ ಅವರು ಒಂದು ಸಂಘವನ್ನು ಕಟ್ಟಿದರು. ೧೯೫೧ರ ಮೇ ೧೪ರಂದು ಸಂಘದ ಮೊದಲ ರೈಲು ಟವಿನ್ ನಿಲ್ದಾಣದಿಂದ ಹೊರಟಿತು. ಅದನ್ನು ಎಳೆದದ್ದು ಮುದಿ ಡೋಲ್ಗೋಕ್.

ಉತ್ಸಾಹ ಒಂದೇ ಸಾಕಾಗದೆಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ಡೋಲ್ಗೋಕ್ ಯಾವ ದಿನ ಕೈಕೊಡುವುದೋ ಹೇಳುವಂತಿರಲಿಲ್ಲ. ನೆರೆಯ ಕಾರಿಸ್ ಎಂಬ ರೈಲು ೧೯೪೮ರಲ್ಲಿ ಮುಚ್ಚಿಹೋಗಿತ್ತು. ಅದರ ಹಳಿಗಳ ಅಂತರವೂ ೨ ಅಡಿ ೩ ಅಂಗುಲವೇ ಆಗಿದ್ದುದರಿಂದ ಅದರ ಎರಡು ಎಂಜಿನುಗಳನ್ನು ಸಂಘವು ಕೊಂಡು ತಂದಿತು. ಒಂದಕ್ಕೆ ಸರ್ ಹೇಡನ್ನರ ಹೆಸರನ್ನೂ ಇನ್ನೊಂದಕ್ಕೆ ರೈಲಿನ ಹಳೆಯ ವ್ಯವಸ್ಥಾಪಕರಾದ ಎಡ್ವರ್ಡ್ ಥಾಮಸರ ಹೆಸರನ್ನೂ ಇಟ್ಟಿತು. ಆದರೆ ಮೊದಲನೆಯ ಎಂಜಿನನ್ನು ಓಡಿಸಹೋದರೆ ಅದು ಪದೇ ಪದೇ ಹಳಿ ತಪ್ಪಿತು. ಕಾರಣವೇನೆಂದು ಅಳೆದು ನೋಡಿದಾಗ, ಟ್ಯಾಲಿಲ್ಲಿನ್ನಿನ ಹಳಿಗಳು ಲೆಕ್ಕಕ್ಕಿಂತ ಅರ್ಧ ಅಂಗುಲದಷ್ಟು ಅಗಲವಾಗಿರುವುದು ಗೊತ್ತಾಯಿತು. ತಮ್ಮ ಹಳೆಯ ಎಂಜಿನು ತಿರುವುಗಳಲ್ಲಿ ಸಲೀಸಾಗಿ ಹೊರಳಲೆಂದು ಹಿಂದಿನವರು ಬೇಕೆಂದೇ ಹಾಗೆ ಹಾಕಿದ್ದರು! ಅರ್ಧ ಅಂಗುಲದ ವ್ಯತ್ಯಾಸ ಟನ್ನುಗಟ್ಟಲೆ ತೂಕದ ಎಂಜಿನನ್ನು ನೆಲಕ್ಕೆ ಇಳಿಸಿತು. ಎರಡನೆಯ ಎಂಜಿನನ್ನು ಹನ್‌ಸ್ಲೆಟ್ ಎಂಬ ಎಂಜಿನು ಕಂಪನಿಯು ಹಣ ಪಡೆಯದೆ ದುರಸ್ತಿ ಮಾಡಿಕೊಟ್ಟಿತು. ಆ ಕಂಪನಿಯ ಅಧ್ಯಕ್ಷರು ಸಂಘದ ಸದಸ್ಯರಾಗಿದ್ದರು. ೧೯೫೨ರಲ್ಲಿ ಅದು ಕೆಲಸಕ್ಕೆ ಇಳಿದ ಮೇಲೆಯೇ ಸಂಘದವರು ನಿಟ್ಟುಸಿರು ಬಿಟ್ಟರು.

ಉಗಿಬಂಡಿಯನ್ನು ಓಡಿಸುವುದೆಂದರೆ ಏನೆಂಬುದನ್ನು ತುಸು ವಿವರವಾಗಿ ತಿಳಿಯುವುದು ಅವಶ್ಯ. ನೀರು ಉಗಿಯಾದಾಗ ಸಾಧಾರಣ ಒತ್ತಡದಲ್ಲಿ ಅದರ ಗಾತ್ರ ೧,೬೦೦ ಪಟ್ಟಿಗೂ ಮಿಕ್ಕು ಹಿಗ್ಗುತ್ತದೆ. ಗಟ್ಟಿಯಾದ ಬಾಯ್ಲರಿನಲ್ಲಿ ಆ ಹಿಗ್ಗುವಿಕೆಯನ್ನು ತಡೆದು ಹಿಡಿದರೆ ಒತ್ತಡ ಹುಟ್ಟುತ್ತದೆ. ಆ ಒತ್ತಡವೇ ಕೊಂತವನ್ನು ದೂಡಿ ಗಾಲಿಯನ್ನು ತಿರುಗಿಸುತ್ತದೆ. ಡೀಸೆಲ್ ಎಂಜಿನಿನಂತೆ ಇದನ್ನು ಕ್ಷಣಮಾತ್ರದಲ್ಲಿ ಚಾಲೂ ಮಾಡಲಾಗದು. ಬೆಳಗಿನ ಹತ್ತು ಗಂಟೆಗೆ ರೈಲು ಹೊರಡಬೇಕಾದರೆ ಕತ್ತಲಿರುವಾಗಲೇ ಒಬ್ಬರು ಬಂದು ಬೆಂಕಿ ಹಚ್ಚಬೇಕು. ತಣ್ಣಗಿರುವ ಬಾಯ್ಲರಿಗೆ ಒಮ್ಮೆಲೇ ಬೆಂಕಿಯನ್ನು ಜೋರು ಮಾಡಬಾರದು. ಕಾಯ್ದ ಲೋಹ ಹಿಗ್ಗುತ್ತದೆ. ಎಲ್ಲ ಭಾಗಗಳೂ ಸಮನಾಗಿ ಹಿಗ್ಗದಿದ್ದರೆ ಕೂಡುಗಳು ಸಡಿಲಗೊಂಡು ಸೋರತೊಡಗುತ್ತವೆ. ಆದುದರಿಂದ ತಾಳ್ಮೆಯೇ ಇಲ್ಲಿ ಮೊದಲನೆಯ ವಿದ್ಯೆ. ಬೆಂಕಿ ಹಚ್ಚುವ ಮೊದಲೇ ಹಿಂದಿನ ದಿನದ ಬೂದಿಯನ್ನು ತೆಗೆಯಬೇಕು. ಹೊಗೆ ಹಾಯುವ ಕೊಳವೆಗಳಲ್ಲಿ ಕಟ್ಟಿದ ಮಸಿಯನ್ನು ಉಜ್ಜಬೇಕು. ಉರುಳುವ, ಉಜ್ಜುವ ಪ್ರತಿಯೊಂದು ಭಾಗಕ್ಕೂ ಎಣ್ಣೆ ಕೊಡಬೇಕು.

ಬಾಯ್ಲರಿನ ಮುಂದೆ ಒಂದು ಗಾಜಿನ ಕೊಳವೆಯಿರುತ್ತದೆ. ಒಳಗೆ ನೀರು ಎಷ್ಟಿದೆಯೆಂಬುದನ್ನು ಅದು ತೋರಿಸುತ್ತದೆ. ಬೆಂಕಿಗೂಡಿನ ನೆತ್ತಿಯು ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು. ನೀರು ಅದಕ್ಕಿಂತ ಕೆಳಗೆ ಇಳಿದರೆ ಲೋಹ ಕೆಂಪಗೆ ಕಾಯ್ದು ಮೆದುವಾಗುತ್ತದೆ. ಒತ್ತಡಕ್ಕೆ ಕುಸಿದು ಬಾಯ್ಲರು ಸಿಡಿಯುವ ಅಪಾಯವುಂಟು. ಈ ಕಾರಣದಿಂದ ನೆತ್ತಿಯಲ್ಲಿ ಸೀಸದ ಬಿರಡೆಯೊಂದನ್ನು ಇಟ್ಟಿರುತ್ತಾರೆ. ಕಾವು ಮಿತಿ ಮೀರಿದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. ಒತ್ತಡ ಹೆಚ್ಚಾದರೆ ತಾನಾಗಿಯೇ ತೆರೆದುಕೊಳ್ಳುವ ರಕ್ಷಣಾ ಕವಾಟವೂ ಇರುತ್ತದೆ. ಆದರೆ ಇವೆಲ್ಲ ಕೊನೆಯ ಆಸರೆಗಳು. ನಿಜವಾದ ರಕ್ಷಣೆ ಗಾಜಿನ ಕೊಳವೆಯ ಮೇಲೆ ನೆಟ್ಟ ಮನುಷ್ಯನ ಕಣ್ಣು.

ಸವಳು ನೀರನ್ನು ಕಾಯಿಸುವ ಬಚ್ಚಲ ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಬಾಯ್ಲರಿನಲ್ಲಿಯೂ ಹಾಗೆಯೇ ಆಗುತ್ತದೆ. ಹಕ್ಕಳೆ ದಪ್ಪವಾದಷ್ಟೂ ಕಾವು ನೀರಿಗೆ ಮುಟ್ಟದೆ ಲೋಹವನ್ನೇ ಸುಡುತ್ತದೆ. ಆದುದರಿಂದ ನಿಯಮಿತವಾಗಿ ಬಾಯ್ಲರನ್ನು ಆರಿಸಿ, ನೀರನ್ನು ಹೊರಚೆಲ್ಲಿ, ಒಳಗೆಲ್ಲ ತೊಳೆಯಬೇಕು. ಕೆಲವು ವರ್ಷಗಳಿಗೊಮ್ಮೆ ಇಡೀ ಎಂಜಿನನ್ನು ಬಿಚ್ಚಿ, ಕೊಳವೆಗಳನ್ನು ಬದಲಿಸಿ, ತಣ್ಣೀರಿನ ಒತ್ತಡದಿಂದ ಬಾಯ್ಲರನ್ನು ಪರೀಕ್ಷಿಸಬೇಕು. ತಣ್ಣೀರಿನಿಂದಲೇ ಏಕೆ? ನೀರು ಉಗಿಯಂತೆ ಹಿಗ್ಗಿ ಸಿಡಿಯುವುದಿಲ್ಲ. ಬಾಯ್ಲರಿನಲ್ಲಿ ದೋಷವಿದ್ದರೆ ನೀರು ಸೋರುವುದೇ ಹೊರತು ಜೀವಹಾನಿಯಾಗುವ ಸಂಭವ ಕಡಿಮೆ. ಹಳೆಯ ಎಂಜಿನಿಗೆ ಬೇಕಾದ ಬಿಡಿಭಾಗಗಳು ಯಾವ ಅಂಗಡಿಯಲ್ಲಿಯೂ ಸಿಗವು. ಒಂದೊಂದನ್ನೂ ಅಚ್ಚು ತೆಗೆದು, ಎರಕ ಹೊಯ್ದು, ಚರಕಿಯಲ್ಲಿ ಕಡೆದು ತಾವೇ ಮಾಡಿಕೊಳ್ಳಬೇಕು.

ಎಂಜಿನಿನಷ್ಟೇ ಹಳಿಯೂ ಮುಖ್ಯ. ಕೊಳೆತ ಸ್ಲೀಪರನ್ನು ಬದಲಿಸುವುದು, ಜಲ್ಲಿಯನ್ನು ಸ್ಲೀಪರಿನ ಅಡಿಗೆ ಗಿಡಿಯುವುದು, ಹಳಿಗಳ ಅಂತರವನ್ನು ಅಳೆಯುವುದು, ಮಳೆನೀರು ಹರಿಯುವ ಚರಂಡಿಗಳನ್ನು ತೋಡುವುದು, ಬೇಲಿಯನ್ನು ಕಟ್ಟುವುದು, ಮುಳ್ಳುಕಂಟಿಗಳನ್ನು ಸವರುವುದು, ಇವೆಲ್ಲ ವರ್ಷವಿಡೀ ಮುಗಿಯದ ಕೆಲಸಗಳು. ನೀರು ನಿಂತ ದಾರಿ ಕುಸಿಯುತ್ತದೆಂಬುದನ್ನು ಎರೆಹೊಲದ ಒಕ್ಕಲಿಗರಿಗೆ ಹೇಳಿಕೊಡಬೇಕಾಗಿಲ್ಲ. ಎಂಜಿನಿನ ಮೇಲೆ ನಿಂತು ಸಿಳ್ಳು ಹಾಕಲು ಎಲ್ಲರಿಗೂ ಆಸೆ. ಸುರಿವ ಮಳೆಯಲ್ಲಿ ಚರಂಡಿ ತೋಡಲು ಬರುವವರು ವಿರಳ. ಸ್ವಯಂಸೇವೆಯ ನಿಜವಾದ ಪರೀಕ್ಷೆ ನಡೆಯುವುದು ಈ ಚರಂಡಿಯ ಬಳಿಯಲ್ಲಿ. ಟ್ಯಾಲಿಲ್ಲಿನ್ ಉಳಿದದ್ದು ಚರಂಡಿಗೂ ಜನ ಬಂದುದರಿಂದ.

ಸಂಬಳವಿಲ್ಲವೆಂದ ಮಾತ್ರಕ್ಕೆ ನಿಯಮವಿಲ್ಲವೆಂದಲ್ಲ. ರೈಲು ಹೊತ್ತೊಯ್ಯುವುದು ಜನರ ಪ್ರಾಣವನ್ನು. ಓಡಿಸುವವನು ಸಂಬಳ ಪಡೆಯುವನೋ ಇಲ್ಲವೋ ಎಂಬುದನ್ನು ಅಪಘಾತವು ವಿಚಾರಿಸುವುದಿಲ್ಲ. ಆದುದರಿಂದ ಇಂತಹ ರೈಲುಗಳಲ್ಲಿ ಹೊಸಬನು ಮೊದಲು ಎಂಜಿನು ಒರೆಸುವವನಾಗಿ ಸೇರಬೇಕು. ಅನುಭವ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಬೇಕು. ಅನಂತರ ಎಷ್ಟೋ ವರ್ಷಗಳಿಗೆ ಡ್ರೈವರ್ ಆಗಬಹುದು. ಊರಲ್ಲಿ ಅವನು ವೈದ್ಯನಿರಲಿ, ಪ್ರಾಧ್ಯಾಪಕನಿರಲಿ, ಇಲ್ಲಿ ಎಣ್ಣೆಯ ಬಟ್ಟೆ ಹಿಡಿದೇ ಆರಂಭಿಸಬೇಕು. ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರು ಬಂಡಿಗಳು ಬರದಂತೆ ಟೋಕನ್ ಎಂಬ ಗುರುತನ್ನು ಬಳಸುತ್ತಾರೆ. ಒಂದು ಭಾಗಕ್ಕೆ ಒಮ್ಮೆಗೆ ಒಂದೇ ಟೋಕನ್. ಅದನ್ನು ಕೈಯಲ್ಲಿ ಹಿಡಿದ ಡ್ರೈವರನೇ ಆ ಭಾಗವನ್ನು ಪ್ರವೇಶಿಸಬೇಕು. ನಮ್ಮ ನಾಡಿನ ಒಂಟಿ ಹಳಿಯ ನಿಲ್ದಾಣಗಳಲ್ಲಿಯೂ ಬೆತ್ತದ ಬಳೆಗೆ ಸಿಕ್ಕಿಸಿದ ಟೋಕನ್ನನ್ನು ಓಡುವ ಎಂಜಿನಿಗೆ ಕೊಡುತ್ತಿದ್ದುದನ್ನು ಹಿರಿಯರು ಬಲ್ಲರು.

ಸ್ವಯಂಸೇವಕರಿಂದಲೇ ಸರ್ವವೂ ಸಾಗುವುದೆಂಬ ಭ್ರಮೆಯನ್ನೂ ಸಂಘದವರು ಇಟ್ಟುಕೊಳ್ಳಲಿಲ್ಲ. ನಿತ್ಯದ ಹೊಣೆಗೆ ಸಂಬಳದ ಕೆಲವರು ನೌಕರರನ್ನು ಇರಿಸಿಕೊಂಡರು. ಕಲ್ಲಿದ್ದಲು, ಉಕ್ಕು, ವಿಮೆ ಇವಕ್ಕೆಲ್ಲ ಹಣ ಬೇಕು. ಅದು ಟಿಕೇಟುಗಳಿಂದಲೂ ಸದಸ್ಯರ ವಂತಿಗೆಯಿಂದಲೂ ದಾನಗಳಿಂದಲೂ ಕೂಡಿಬರಬೇಕು. ಮೂಲೆ ಸೇರಿದ್ದ ಟ್ಯಾಲಿಲ್ಲಿನ್ ಎಂಜಿನು ಪುನರ್ನಿರ್ಮಾಣಗೊಂಡು ೧೯೫೮ರಲ್ಲಿ ಮತ್ತೆ ಓಡಿತು. ೧೯೭೬ರಲ್ಲಿ ಪ್ರಯಾಣಿಕರ ಮಾರ್ಗವನ್ನು ಕಣಿವೆಯ ಇನ್ನೂ ಮೇಲಕ್ಕೆ ವಿಸ್ತರಿಸಲಾಯಿತು. ಈಗ ಅದರ ಉದ್ದ ಸುಮಾರು ಹನ್ನೆರಡು ಕಿಲೋಮೀಟರ್. ಅದರ ಮಾದರಿಯನ್ನು ಕಂಡು ಬ್ರಿಟನ್ನಿನಲ್ಲಿ ನೂರಕ್ಕೂ ಮಿಕ್ಕಿದ ಹಳೆಯ ರೈಲುಗಳಿಗೆ ಜೀವ ಬಂದಿತು. ಆಸ್ಟ್ರೇಲಿಯದ ಪಫಿಂಗ್ ಬಿಲ್ಲಿ ಎಂಬ ರೈಲಿನಲ್ಲಿಯೂ ಸ್ವಯಂಸೇವಕರು ದುಡಿಯುತ್ತಾರೆ. ೨೦೨೧ರಲ್ಲಿ ವೇಲ್ಸಿನ ಸ್ಲೇಟುಗಣಿಗಳ ನಾಡನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಟ್ಯಾಲಿಲ್ಲಿನ್ ರೈಲೂ ಅದರಲ್ಲಿ ಸ್ಥಾನ ಪಡೆಯಿತು.

ಕರ್ನಾಟಕದ ಗಡಿಗೆ ಹೊಂದಿದ ನೀಲಗಿರಿಯಲ್ಲಿಯೂ ಇಂದಿಗೂ ಉಗಿಬಂಡಿಯನ್ನು ಕಾಣಬಹುದು. ಮೇಟುಪಾಳ್ಯದಿಂದ ಉದಕಮಂಡಲಕ್ಕೆ ಏರುವ ಈ ಮಾರ್ಗದ ಉದ್ದ ಸುಮಾರು ೪೬ ಕಿಲೋಮೀಟರ್. ೧೮೯೯ರಲ್ಲಿ ಕೂನೂರಿನ ವರೆಗೂ ೧೯೦೮ರಲ್ಲಿ ಉದಕಮಂಡಲದ ವರೆಗೂ ಅದು ತೆರೆಯಿತು. ಕನ್ನಡಕ್ಕೆ ಹತ್ತಿರವಾದ ನುಡಿಯನ್ನಾಡುವ ಬಡಗರ ಹಟ್ಟಿಗಳಿರುವ ಬೆಟ್ಟಗಳಿಗೆ ಅದು ಏರಿಹೋಗುತ್ತದೆ. ಕಲ್ಲಾರಿನಿಂದ ಕೂನೂರಿನ ವರೆಗೆ ದಾರಿ ಎಷ್ಟು ಕಡಿದೆಂದರೆ, ಹನ್ನೆರಡು ಅಡಿ ಸಾಗಿದರೆ ಸುಮಾರು ಒಂದು ಅಡಿ ಏರಬೇಕು. ನುಣುಪಾದ ಹಳಿಯ ಮೇಲೆ ಗಾಲಿ ಜಾರುವುದರಿಂದ ಹಳಿಗಳ ನಡುವೆ ಹಲ್ಲುಗಳುಳ್ಳ ಪಟ್ಟಿಗಳನ್ನು ಹಾಕಿದ್ದಾರೆ; ಎಂಜಿನಿನ ಹಲ್ಲುಗಾಲಿಯು ಅವನ್ನು ಕಚ್ಚಿ ಹಿಡಿದು ಏರುತ್ತದೆ. ೨೦೦೫ರಲ್ಲಿ ಇದೂ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಇದನ್ನು ನಡೆಸುವವರು ಸ್ವಯಂಸೇವಕರಲ್ಲ, ಭಾರತೀಯ ರೈಲ್ವೆಯ ನೌಕರರು. ಹಳೆಯ ಸ್ವಿಸ್ ಎಂಜಿನುಗಳು ಸವೆದಾಗ ಅದೇ ಮಾದರಿಯ ಹೊಸ ಉಗಿ ಎಂಜಿನುಗಳನ್ನು ತಿರುಚಿರಾಪಳ್ಳಿಯ ರೈಲ್ವೆ ಕಾರ್ಖಾನೆಯ ಕುಶಲಕರ್ಮಿಗಳು ನಿರ್ಮಿಸಿದರು. ಒಡೆತನ ಯಾರದೇ ಇರಲಿ, ಕೈಯ ವಿದ್ಯೆ ಉಳಿದರೆ ಮಾತ್ರ ಯಂತ್ರ ಉಳಿಯುತ್ತದೆಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಭಾಗಗಳನ್ನೆಲ್ಲ ಬದಲಿಸುತ್ತ ಹೋದರೆ ಹಳೆಯದರಲ್ಲಿ ಉಳಿದುದೇನು ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಉತ್ತರ ಊರ ಜಾತ್ರೆಯಲ್ಲಿದೆ. ಜಾತ್ರೆಯ ತೇರನ್ನು ನೋಡಿರಿ. ಅದರ ಗಾಲಿ ಸವೆದಾಗ ಬಡಿಗನು ಹೊಸ ಗಾಲಿಯನ್ನು ಕೆತ್ತುತ್ತಾನೆ. ಕಮ್ಮಾರನು ಅಚ್ಚನ್ನು ಸರಿಪಡಿಸುತ್ತಾನೆ. ಹಗ್ಗ ಹಳತಾದರೆ ಹೊಸದನ್ನು ಹೊಸೆಯುತ್ತಾರೆ. ಗಾಲಿಗೆ ಮರದ ಅಡ್ಡೆ ಕೊಟ್ಟು ತೇರಿನ ಓಟವನ್ನು ಹತೋಟಿಯಲ್ಲಿ ಇಡುವವರು ತಮ್ಮ ಮಕ್ಕಳಿಗೆ ಆ ಅಪಾಯದ ವಿದ್ಯೆಯನ್ನು ಕಲಿಸುತ್ತಾರೆ. ಕಟ್ಟಿಗೆ ಬದಲಾದರೂ ಅದು ಅದೇ ತೇರು. ಏಕೆಂದರೆ ಅದನ್ನು ಮಾಡುವ ಬಗೆ, ಎಳೆಯುವ ಬಗೆ, ಕಾಯುವ ಬಗೆ ಕೈಯಿಂದ ಕೈಗೆ ಸಾಗಿಬಂದಿವೆ. ತೇರನ್ನು ವರ್ಷವಿಡೀ ಶೆಡ್ಡಿನಲ್ಲಿಟ್ಟು ಪೂಜಿಸಿದರೆ ಸಾಲದು. ಎಳೆಯದ ತೇರು ಗೆದ್ದಲಿನ ಪಾಲಾಗುತ್ತದೆ.

ಸಂಬಳವಿಲ್ಲದೆ ಕೂಡಿ ದುಡಿಯುವುದು ನಮ್ಮವರಿಗೆ ಹೊಸದೇನೂ ಅಲ್ಲ. ಬಿತ್ತನೆ, ಕಳೆ, ಸುಗ್ಗಿಗಳಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವ ಪದ್ಧತಿ ಹಳ್ಳಿಗಳಲ್ಲಿ ಬೆಳೆದುಬಂದಿದೆ. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೂಡಿ ಸಹಕಾರಿ ಸಂಘವನ್ನು ಕಟ್ಟಿ ನಾಡಿಗೇ ದಾರಿ ತೋರಿದರು. ಹಾಳುಬಿದ್ದ ಊರ ಬಾವಿ, ಹೂಳು ತುಂಬಿದ ಕೆರೆ, ಧೂಳು ಹಿಡಿದ ವಾಚನಾಲಯ, ಇವೆಲ್ಲ ಇಂತಹ ಕೈಗಳಿಗಾಗಿಯೇ ಕಾದಿವೆ. ಅವನ್ನು ಉಳಿಸಲು ಬೇಕಾದುದು ಒಂದು ದಿನದ ಭಾಷಣವಲ್ಲ. ಕತ್ತಲಲ್ಲಿ ಎದ್ದು ಬೆಂಕಿ ಹಚ್ಚುವ ತಾಳ್ಮೆ, ಅರ್ಧ ಅಂಗುಲವನ್ನೂ ಅಳೆಯುವ ಎಚ್ಚರ, ಮಳೆಯಲ್ಲಿ ಚರಂಡಿ ತೋಡುವ ವಿನಯ. ಈ ಮೂರು ಗುಣಗಳು ಕೂಡಿದಲ್ಲಿ ಮುದಿ ಎಂಜಿನೂ ಬೆಟ್ಟವನ್ನೇರಬಲ್ಲುದು.

ಪದಗಳ ಅರ್ಥ

ಎರೆಯ ನೆಲ - ಕಪ್ಪು ಮಣ್ಣಿನ ಭೂಮಿ
ಚಕ್ಕಡಿ - ಎತ್ತಿನ ಗಾಡಿ
ಬೇಗೆ - ಉರಿ, ತಾಪ
ಕೊಂತ - ಉಗಿಯ ಒತ್ತಡದಿಂದ ಹಿಂದೆ ಮುಂದೆ ಚಲಿಸುವ ಎಂಜಿನಿನ ಭಾಗ
ಬಿರಡೆ - ರಂಧ್ರವನ್ನು ಮುಚ್ಚುವ ಮುಚ್ಚಳ
ಹಕ್ಕಳೆ - ಪದರಾಗಿ ಅಂಟಿಕೊಂಡ ಕಲ್ಮಷ
ಗಿಡಿಯುವುದು - ಒತ್ತಿ ತುಂಬುವುದು
ವಂತಿಗೆ - ಚಂದಾ, ಪಾಲಿನ ಹಣ
ಮುಯ್ಯಾಳು - ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಡುವ ಆಳು

ಅಭ್ಯಾಸ

೧. ಹೊಟಗಿ-ಗದಗ ರೈಲುಮಾರ್ಗವನ್ನು ಹಾಕಲು ಕಾರಣವೇನು?
೨. ಅಮೆರಿಕದ ಅಂತರ್ಯುದ್ಧವು ಧಾರವಾಡ ಸೀಮೆಯ ಮೇಲೂ ಟ್ಯಾಲಿಲ್ಲಿನ್ ರೈಲಿನ ಹುಟ್ಟಿನ ಮೇಲೂ ಹೇಗೆ ಪರಿಣಾಮ ಬೀರಿತು?
೩. ಕಾರಿಸ್ ರೈಲಿನಿಂದ ತಂದ ಎಂಜಿನು ಹಳಿ ತಪ್ಪಿದುದೇಕೆ?
೪. ಬಾಯ್ಲರನ್ನು ತಣ್ಣೀರಿನಿಂದ ಪರೀಕ್ಷಿಸುವುದರ ಉದ್ದೇಶವನ್ನು ವಿವರಿಸಿರಿ.
೫. “ಸ್ವಯಂಸೇವೆಯ ನಿಜವಾದ ಪರೀಕ್ಷೆ ನಡೆಯುವುದು ಈ ಚರಂಡಿಯ ಬಳಿಯಲ್ಲಿ.” ಈ ಮಾತಿನ ಸ್ವಾರಸ್ಯವನ್ನು ಬರೆಯಿರಿ.
೬. ಜಾತ್ರೆಯ ತೇರಿಗೂ ಹಳೆಯ ಉಗಿಬಂಡಿಗೂ ಇರುವ ಸಾಮ್ಯವನ್ನು ನಿಮ್ಮ ಮಾತುಗಳಲ್ಲಿ ತಿಳಿಸಿರಿ.
೭. ನಿಮ್ಮ ಊರಿನಲ್ಲಿ ಜನರು ಕೂಡಿ ಉಳಿಸಬಹುದಾದ ಹಳೆಯ ವಸ್ತು ಅಥವಾ ಕಟ್ಟಡ ಒಂದನ್ನು ಕುರಿತು ಪ್ರಬಂಧ ಬರೆಯಿರಿ.